ಮೋಲ್ಡ್ ಹಾಕಿದ ಮೇಲಿನ ದಿನಗಳು

ನಮ್ಮ ಮನೆ ಎದುರಿನ ಸೈಟಿನಲ್ಲಿ ಮೋಲ್ಡ್ ಬಿದ್ದ, ಅಂದರೆ ಮಹಡಿಯ ಚಾವಣಿಗೆ ಕಾಂಕ್ರೀಟ್ ಸುರಿದ, ಮಾರನೇ ದಿನದಿಂದ ರಸ್ತೆಯವರದ್ದೆಲ್ಲ ಒಂದೇ ಪ್ರಶ್ನೆ: "ಏನ್ ಮೇಡಂ, ಕೆಲಸ ನಿಂತ್ಹೋಯ್ತಾ?" ಹಾಲು ತರಲು ಹೋದರೆ ನಂದಿನಿ ಬೂತಿನವರು ಕೇಳುತ್ತಾರೆ. ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿ ಬರುವ ಹಿರಿಯರು ಗೇಟಿನ ಹತ್ತಿರ ನಿಂತು ಕೇಳುತ್ತಾರೆ. ಮೂರನೇ ಮಹಡಿಯ ಮನೆಗೆ ಅಡ್ವಾನ್ಸ್ ಕೊಟ್ಟಿರುವ ಗಂಡ ಹೆಂಡತಿ ಭಾನುವಾರ ಸ್ಕೂಟರಿನಲ್ಲಿ ಬಂದು, ಮೇಲೆ ಯಾರೂ ಕಾಣದಿದ್ದರೆ ಮುಖ ಸಣ್ಣ ಮಾಡಿಕೊಂಡು ನಮ್ಮ ಬಾಲ್ಕನಿ ಕಡೆ ನೋಡುತ್ತಾರೆ.

ಕೆಲಸ ನಿಂತಿಲ್ಲ. ಕಟ್ಟಡಕ್ಕೆ ಗಟ್ಟಿತನ ಬರುವುದು ಆ ದಿನಗಳಲ್ಲೇ. ಅದು ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ, ಆಳು ಬೇಡುವುದಿಲ್ಲ. ನೀರು ಬೇಡುತ್ತದೆ, ದಿನ ಬೇಡುತ್ತದೆ. ಇದನ್ನು ಎಷ್ಟೋ ಜನರಿಗೆ ನಿಂತ ನಿಲುವಿನಲ್ಲಿ ಹೇಳಿದ್ದೇನೆ. ಇವತ್ತು ಕೂತು ಬರೆದೇಬಿಡೋಣ ಅನ್ನಿಸಿತು.

ನಾವಿರುವುದು ಸರಸ್ವತಿಪುರಂನಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪಾಠದ ಕೋಣೆಯ ಕಿಟಕಿ ತೆಗೆದರೆ ನೇರ ಆ ಸೈಟು. ಬಾಲ್ಕನಿಯಲ್ಲಿ ಅಪ್ಪನ ಕುರ್ಚಿ. ಅಪ್ಪ ಪಾಂಡವಪುರ ಕಡೆಯ ಹಳ್ಳಿಯಿಂದ ಬಂದು, ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಆಳಾಗಿ ಸೇರಿ ಮೇಸ್ತ್ರಿಯಾದವರು. ಕುವೆಂಪುನಗರ, ವಿಜಯನಗರ, ಬೋಗಾದಿ ಕಡೆ ಅವರು ಕಟ್ಟಿದ ಗೋಡೆಗಳ ಮುಂದೆ ಹಾದುಹೋಗುವಾಗ ಈಗಲೂ ಆಟೊ ನಿಧಾನ ಮಾಡಿಸುತ್ತಾರೆ. ಮಂಡಿನೋವು ಜಾಸ್ತಿಯಾದ ಮೇಲೆ ಮೆಟ್ಟಿಲಿಳಿಯುವುದು ಅಪರೂಪ. ಹಾಗಾಗಿ ಈ ಕಟ್ಟಡವನ್ನು ಪಾಯದಿಂದ ತಾರಸಿವರೆಗೆ ನಾವಿಬ್ಬರೂ ಒಟ್ಟಿಗೆ ನೋಡಿದ್ದೇವೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಅಪ್ಪ ಹೇಳಿದ್ದು, ಇನ್ನರ್ಧ ಸೈಟಿನ ಸೂಪರ್‌ವೈಸರ್ ಹುಡುಗನನ್ನು ಕಾಡಿ ಬೇಡಿ ಕೇಳಿ ತಿಳಿದದ್ದು.

ಮೊದಲು ಅಲ್ಲಿ ಹೆಂಚಿನ ಮನೆಯಿತ್ತು. ಮುಂದೆ ಸಂಪಿಗೆ ಮರ, ತುಳಸಿಕಟ್ಟೆ. ಮಕ್ಕಳೆಲ್ಲ ಬೇರೆ ಊರುಗಳಲ್ಲಿ ನೆಲೆ ನಿಂತ ಮೇಲೆ ಮಾರಿದರು. ಮಂಗಳೂರು ಹೆಂಚು, ತೇಗದ ಬಾಗಿಲು, ಕಿಟಕಿಗಳನ್ನು ಹಳೆ ಸಾಮಾನಿನವರು ಜೋಪಾನವಾಗಿ ಇಳಿಸಿಕೊಂಡು ಹೋದರು. ಉಳಿದದ್ದನ್ನು ಜೆಸಿಬಿ ಮುಗಿಸಿತು. ನಲವತ್ತು ಅರವತ್ತರ ಆ ಜಾಗದಲ್ಲಿ ಈಗ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಮಹಡಿಗೆ ಎರಡರಂತೆ ಆರು ಮನೆ.

ಪಾಯದ ಗುರುತು ಹಾಕಿದ ದಿನ ಟ್ಯೂಷನ್ ಮಕ್ಕಳನ್ನು ಬಾಲ್ಕನಿಗೆ ಕರೆದು ನಿಲ್ಲಿಸಿದ್ದೆ. ಮೇಸ್ತ್ರಿ ಗೂಟಕ್ಕೆ ದಾರ ಕಟ್ಟಿ, ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು, ಎರಡು ಗುರುತುಗಳ ನಡುವೆ ಟೇಪು ಸರಿಯಾಗಿ ಐದಡಿ ತೋರಿಸುವವರೆಗೆ ದಾರವನ್ನು ಆಚೀಚೆ ಸರಿಸುತ್ತಿದ್ದರು. ಹತ್ತನೇ ಕ್ಲಾಸಿನ ಪೈಥಾಗೊರಸ್ ಪ್ರಮೇಯ ಅಷ್ಟು ಚೆನ್ನಾಗಿ ಯಾವ ಬೋರ್ಡಿನ ಮೇಲೂ ಬರುವುದಿಲ್ಲ. ಅಪ್ಪ ಆ ಪ್ರಮೇಯದ ಹೆಸರು ಕೇಳಿದವರಲ್ಲ, ಆದರೆ ಅವರು ಹಾಕಿದ ಮೂಲೆಮಟ್ಟ ಒಂದು ನೂಲಿನಷ್ಟೂ ತಪ್ಪುತ್ತಿರಲಿಲ್ಲ. ಕಂಬಿ ಇಳಿಸುವ ದಿನವೂ ಹೀಗೇ. "ಹನ್ನೆರಡು ಎಂಎಂ ಕಂಬಿ ಒಂದು ಉದ್ದಕ್ಕೆ ಹತ್ತೂವರೆ ಕೇಜಿ ಮೇಲೆ ಚಿಲ್ರೆ" ಅಂದರು ಅಪ್ಪ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅನ್ನುವುದು ಸಿಗುತ್ತದೆ. 144ನ್ನು 162ರಿಂದ ಭಾಗಿಸಿ, ಹನ್ನೆರಡು ಮೀಟರ್ ಉದ್ದಕ್ಕೆ ಗುಣಿಸಿದರೆ 10.67. ಆ 162 ಎಲ್ಲಿಂದ ಬಂತು ಅಂತ ಮಕ್ಕಳಿಗೆ ಹೋಂವರ್ಕ್ ಕೊಟ್ಟೆ. ಘನಮೀಟರಿಗೆ 7850 ಕೆಜಿ ಅನ್ನುವ ಉಕ್ಕಿನ ಸಾಂದ್ರತೆಯನ್ನೂ ವೃತ್ತದ ವಿಸ್ತೀರ್ಣದ ಸೂತ್ರವನ್ನೂ ಸೇರಿಸಿ ಇಬ್ಬರು ಸರಿಯಾಗಿ ತೆಗೆದುಕೊಂಡು ಬಂದರು. ಆ ಸಂಜೆ ಅಪ್ಪನಿಗೆ ಅದನ್ನು ಓದಿ ಹೇಳಿದಾಗ ಅವರು ಎಷ್ಟೋ ಹೊತ್ತು ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಈಗ ಮೋಲ್ಡ್ ದಿನದ ವಿಷಯ. ಬೆಳಿಗ್ಗೆ ಐದೂವರೆಗೆಲ್ಲ ವಾಚ್‌ಮನ್ ಶೆಡ್ಡಿನಲ್ಲಿ ದೀಪ. ಹಿಂದಿನ ಸಂಜೆಗೇ ಕಂಬಿ ಕಟ್ಟುವವರ ಕೆಲಸ ಮುಗಿದು, ಎಲೆಕ್ಟ್ರಿಷಿಯನ್ ಪೈಪ್ ಎಳೆದು ಫ್ಯಾನ್ ಬಾಕ್ಸ್ ಕೂರಿಸಿ ಹೋಗಿರುತ್ತಾನೆ. ಬೆಳಗಾದ ಕೂಡಲೇ ಸೆಂಟ್ರಿಂಗ್ ಶೀಟಿನ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ತಾತ್ಕಾಲಿಕ ತಗಡಿನ, ಮೇಲೆ ನೀರು ಹೊಡೆದು ತೊಳೆಯುತ್ತಾರೆ. ಕಟ್ಟುವ ತಂತಿಯ ಚೂರು, ಬೀಡಿ ತುಂಡು, ಮರದ ಪುಡಿ ಒಂದೂ ಉಳಿಯಬಾರದು. ಒಂದು ಮೂಲೆಯಲ್ಲಿ ಅರಿಶಿನ ಕುಂಕುಮ, ಊದುಬತ್ತಿ, ತೆಂಗಿನಕಾಯಿ. ಮೊದಲ ಬಾಂಡ್ಲಿ ಕಾಂಕ್ರೀಟ್ ಬೀಳುವುದು ಆ ಮೂಲೆಗೇ.

ಆ ತೊಳೆಯುವ ಹೊತ್ತಿನಲ್ಲಿ ಅಪ್ಪ ನೋಡುವುದು ಒಂದನ್ನೇ: ಸಜ್ಜದ ಕಂಬಿ. ಕೋಣೆಯ ಸ್ಲ್ಯಾಬಿಗೆ ನಾಲ್ಕೂ ಕಡೆ ಆಸರೆ ಇರುವುದರಿಂದ ಭಾರ ಬಿದ್ದಾಗ ಎಳೆತ ಬರುವುದು ಅದರ ತಳದಲ್ಲಿ. ನಡುವಿನ ಮುಖ್ಯ ಕಂಬಿ ತಳದಲ್ಲಿರುತ್ತದೆ. ಸಜ್ಜ, ಬಾಲ್ಕನಿ ಹಾಗಲ್ಲ. ಒಂದೇ ಕಡೆ ಹಿಡಿತ, ಇನ್ನೊಂದು ತುದಿ ಗಾಳಿಯಲ್ಲಿ. ಅಲ್ಲಿ ಎಳೆತ ಬರುವುದು ಮೇಲ್ಮೈಯಲ್ಲಿ, ಆದ್ದರಿಂದ ಮುಖ್ಯ ಕಂಬಿ ಮೇಲೇ ಇರಬೇಕು. ಅದನ್ನು ಎತ್ತಿ ಹಿಡಿಯಲು ಕೆಳಗೆ ಬಗ್ಗಿಸಿದ ಕಂಬಿಯ ಚೇರ್ ಇಡುತ್ತಾರೆ. ಪೈಪ್ ಎಳೆಯುವವನೋ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದವನೋ ಅದರ ಮೇಲೆ ನಾಲ್ಕು ಸಲ ಓಡಾಡಿದರೆ ಚೇರ್ ವಾಲಿ ಕಂಬಿ ತಳಕ್ಕೆ ಕೂತುಬಿಡುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಂಬಿಯಿದೆ, ಕಂಬಿಯ ತೂಕದ ಬಿಲ್ಲೂ ಇದೆ, ಆದರೆ ಸಜ್ಜಕ್ಕೆ ಬಲವಿಲ್ಲ. ಎರಡನೇ ಮೋಲ್ಡ್ ದಿನ ಹೀಗೇ ಒಂದು ಕಡೆ ಕಂಬಿ ಕುಗ್ಗಿದ್ದನ್ನು ಅಪ್ಪ ಬಾಲ್ಕನಿಯಿಂದಲೇ ಕಂಡು, "ಏಯ್ ಮಗಾ, ಆ ಮೂಲೆ ಸಜ್ಜದ್ ಕಂಬಿ ಮೇಲಕ್ ಎತ್ತಿಸು, ಕೂತ್ಬಿಟ್ಟದೆ" ಅಂತ ಕೂಗಿದರು. ಸೂಪರ್‌ವೈಸರ್ ಹೋಗಿ ಟೇಪು ಹಿಡಿದು ನೋಡಿ, ಕಂಬಿಯವರನ್ನು ಕರೆಸಿ ಇನ್ನೆರಡು ಚೇರ್ ಹಾಕಿಸಿದ. ಅವತ್ತಿನಿಂದ ಅವನು ಪ್ರತಿ ಮೋಲ್ಡಿಗೂ ಹಿಂದಿನ ದಿನ ಬಂದು, "ತಾತ, ಒಂದ್ಸಲ ನೋಡ್ಬಿಡಿ" ಅನ್ನುತ್ತಾನೆ. ಫೋನಿನಲ್ಲಿ ಫೋಟೊ ತೋರಿಸುತ್ತಾನೆ. ಅಪ್ಪ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ಮಾಡಿ ನೋಡುತ್ತಾರೆ.

ಮೂರನೇ ಮೋಲ್ಡಿನಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಪ್ಲಾಂಟಿನಲ್ಲೇ ಕಲಸಿದ ಕಾಂಕ್ರೀಟ್ ತರುವ ರೆಡಿಮಿಕ್ಸ್ ಲಾರಿಗಳು, ಒಂದೊಂದಕ್ಕೆ ಆರು ಘನಮೀಟರ್, ಒಟ್ಟು ಐದು ಲಾರಿ ಲೆಕ್ಕ. ಎರಡು ಸುಸೂತ್ರ ಬಂದವು. ಮೂರನೆಯದು ರಿಂಗ್ ರಸ್ತೆಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಪ್ಲಾಂಟಿನಲ್ಲಿ ತುಂಬಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕು ಅನ್ನುವುದು ರೆಡಿಮಿಕ್ಸಿಗಿರುವ ಭಾರತೀಯ ಮಾನಕ ಐಎಸ್ 4926ರ ಸಾಮಾನ್ಯ ನಿಯಮ. ಸೂಪರ್‌ವೈಸರ್ ಹುಡುಗ ಚಲನ್ ಇಸಿದುಕೊಂಡು ತುಂಬಿದ ಸಮಯ ನೋಡಿದ. ಎರಡು ಗಂಟೆ ದಾಟಿತ್ತು. ಮೂವತ್ತು ಸೆಂಟಿಮೀಟರ್ ಎತ್ತರದ ತಗಡಿನ ಕೋನ್‌ಗೆ ಆ ಮಾಲು ತುಂಬಿಸಿ ಮೇಲೆತ್ತಿದ. ಕುಸಿಯಬೇಕಾದದ್ದು ಹಾಗೇ ನಿಂತಿತ್ತು, ಮಾಲು ಆಗಲೇ ಬಿಗಿದಿತ್ತು. ಪಂಪ್ ನಡೆಸುವವನು ಎರಡು ಬಕೆಟ್ ನೀರು ಹಾಕಿದರೆ ಇಳಿಯುತ್ತದೆ ಅಂದ. ಲಾರಿ ಡ್ರೈವರ್ ಪೈಪ್ ತಿರುಗಿಸಲು ಹೊರಟೇಬಿಟ್ಟಿದ್ದ.

ನೀರು ಹಾಕಿದರೆ ಇಳಿಯುತ್ತದೆ, ನಿಜ. ಒಂದು ಮೂಟೆ ಸಿಮೆಂಟಿಗೆ 50 ಕೆಜಿ. ಎಂ25 ಕಾಂಕ್ರೀಟಿಗೆ (28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕಾದದ್ದು) ನೀರು ಅದರ ಅರ್ಧ ತೂಕ ಮೀರಬಾರದು, ಅಂದರೆ 25 ಲೀಟರ್. ಸಿಮೆಂಟಿಗೆ ಬೇಡವಾದ ನೀರು ಒಳಗೇ ಉಳಿದು, ಆಮೇಲೆ ಆವಿಯಾಗಿ, ತಾನಿದ್ದ ಜಾಗವನ್ನು ಟೊಳ್ಳು ಬಿಟ್ಟು ಹೋಗುತ್ತದೆ. ಆ ಸಣ್ಣ ಸಣ್ಣ ರಂಧ್ರಗಳ ದಾರಿಯಲ್ಲೇ ಮಳೆನೀರು ಇಳಿದು ಕಂಬಿಗೆ ತುಕ್ಕು ಹಿಡಿಯುವುದು. ಅದು ಕಾಣಿಸಿಕೊಳ್ಳಲು ಹತ್ತು ಹದಿನೈದು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಕಟ್ಟಿದವರು ಎಲ್ಲಿರುತ್ತಾರೋ.

ಹುಡುಗ ಲಾರಿ ವಾಪಸ್ ಕಳಿಸಿದ. ಕೆಳಗೆ ಜೋರು ಜಗಳವಾಯಿತು, ಫೋನ್ ಮೇಲೆ ಫೋನ್. ಅವನ ಕೈ ನಡುಗುತ್ತಿದ್ದದ್ದು ನಮಗೆ ಮೇಲಿನಿಂದ ಕಾಣುತ್ತಿತ್ತು. ಆದರೆ ಮಾತು ಬದಲಿಸಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಷ್ಟ: ಹಾಕಿದ ಕಾಂಕ್ರೀಟಿನ ಅಂಚು ಗಟ್ಟಿಯಾದ ಮೇಲೆ ಹೊಸದು ಸುರಿದರೆ ಎರಡೂ ಒಂದಾಗುವುದಿಲ್ಲ, ನಡುವೆ ಗೆರೆ ಬಿದ್ದು ಮುಂದೆ ಅಲ್ಲೇ ಸೋರುತ್ತದೆ. ಒದ್ದೆ ಗೋಣಿಚೀಲ ತಂದು ಅಂಚಿನ ಉದ್ದಕ್ಕೂ ಹೊದೆಸಿದರು. ನಾಲ್ಕನೇ ಲಾರಿ ಹೊತ್ತಿಗೆ ಸರಿಯಾಗಿ ಬಂತು. ಹಳೆಯದಕ್ಕೂ ಹೊಸದಕ್ಕೂ ಸೇರುವ ಹಾಗೆ ವೈಬ್ರೇಟರ್ ಇಳಿಸಿ ಮುಂದುವರಿಸಿದರು. "ಹೈದ ಗಟ್ಟಿಗ ಕಣವ್ವ" ಅಂದರು ಅಪ್ಪ. ಅವತ್ತು ಕತ್ತಲಾಗಿ ಬಹಳ ಹೊತ್ತಿನವರೆಗೂ ದೀಪ ಹಾಕಿಕೊಂಡು ಕೆಲಸ ನಡೆಯಿತು. ಯಾರೂ ದೂರು ಹೇಳಲಿಲ್ಲ, ಯಾಕೆಂದರೆ ಹಿಂದಿನ ದಿನವೇ ರಸ್ತೆಯ ಎಲ್ಲ ಮನೆಗೂ ತಿಳಿಸಿದ್ದರು.

ಇಷ್ಟೆಲ್ಲ ಗಲಾಟೆಯ ಮಾರನೇ ಬೆಳಿಗ್ಗೆ ಸೈಟು ಖಾಲಿ. ವಾಚ್‌ಮನ್ ಹೆಂಡತಿ ಒಬ್ಬಳೇ ಮೇಲೆ. ಯಾದಗಿರಿ ಕಡೆಯವಳು. ಸ್ಲ್ಯಾಬಿನ ಮೇಲೆ ಚೌಕ ಚೌಕವಾಗಿ ಸಣ್ಣ ಕಟ್ಟೆ ಕಟ್ಟಿ, ಪೈಪ್ ಹಿಡಿದು, ಪ್ರತಿ ಚೌಕಕ್ಕೂ ನೀರು ನಿಲ್ಲಿಸುತ್ತಾಳೆ. ಪಿಲ್ಲರಿಗೆ ಗೋಣಿಚೀಲ ಸುತ್ತಿ ನೆನೆಸುತ್ತಾಳೆ. ಬಿಸಿಲೇರಿದ ಮೇಲೆ ಮತ್ತೊಮ್ಮೆ, ಸಂಜೆ ಮತ್ತೊಮ್ಮೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಕೂಡಿ. ನೀರು ಆರಿಹೋದರೆ ಆ ಕೂಡುವಿಕೆ ಅರ್ಧಕ್ಕೇ ನಿಂತುಹೋಗುತ್ತದೆ. ಐಎಸ್ 456 ಪ್ರಕಾರ ಬರೀ ಸಿಮೆಂಟಿನದ್ದಾದರೆ ಕಡಿಮೆಯೆಂದರೆ 7 ದಿನ, ಹಾರುಬೂದಿ ಬೆರೆತದ್ದಾದರೆ ಅಥವಾ ಬಿಸಿಲು ಬಿರುಸಾಗಿದ್ದರೆ 10 ದಿನ ನೀರು ಆರಬಾರದು. ಇಡೀ ಕಟ್ಟಡದ ಬಲ ನಿಂತಿರುವುದು ಆ ಹೆಣ್ಣುಮಗಳ ಪೈಪಿನ ಮೇಲೆ. ಸೈಟಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿಯೂ ಅವಳದ್ದೇ. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಲೆಕ್ಕ.

ಕೆಳಗೆ ಸ್ಲ್ಯಾಬನ್ನು ಹೊತ್ತ ಕಬ್ಬಿಣದ ಜಾಕ್‌ಗಳು ಹಾಗೇ ನಿಂತಿರುತ್ತವೆ. ಪಿಲ್ಲರಿನ ಪಕ್ಕದ ಹಲಗೆ ಒಂದು ದಿನಕ್ಕೆ ಬಿಚ್ಚಬಹುದು. ಸ್ಲ್ಯಾಬಿನ ಜಾಕ್, ಅಗಲ ನಾಲ್ಕೂವರೆ ಮೀಟರಿನೊಳಗಿದ್ದರೆ 7 ದಿನ, ಮೀರಿದರೆ 14. ಬೀಮಿನದ್ದು ಆರು ಮೀಟರಿನವರೆಗೆ 14, ಅದಕ್ಕೂ ಉದ್ದವಾದರೆ 21. ಅಷ್ಟೇ ಅಲ್ಲ, ಮೇಲಿನ ಮಹಡಿಯ ಸೆಂಟ್ರಿಂಗಿನ ಭಾರ ಈ ಸ್ಲ್ಯಾಬಿನ ಮೇಲೇ ಕೂರುವುದರಿಂದ ಕೆಳಗಿನ ಆಸರೆ ಪೂರ್ತಿ ತೆಗೆಯುವಂತಿಲ್ಲ. ಮೋಲ್ಡ್ ದಿನ ತುಂಬಿಟ್ಟ ಕ್ಯೂಬುಗಳನ್ನು ಏಳನೇ ದಿನ ಒಮ್ಮೆ, 28ನೇ ದಿನ ಒಮ್ಮೆ ಲ್ಯಾಬಿನಲ್ಲಿ ಒತ್ತಿ ನೋಡುತ್ತಾರೆ. ಪಕ್ಕ 15 ಸೆಂಟಿಮೀಟರಿನ ಆ ಪುಟ್ಟ ಕಲ್ಲು, ಎಂ25 ಅನ್ನಿಸಿಕೊಳ್ಳಬೇಕಾದರೆ ಸುಮಾರು 57 ಟನ್ ಭಾರ ತಡೆಯಬೇಕು. ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿದೆ. ಉತ್ತರ ಬಂದಾಗ ದಶಮಾಂಶ ತಪ್ಪಿದೆ ಅಂತ ಇಬ್ಬರು ಅಳಿಸಿಬಿಟ್ಟರು.

ಅಪ್ಪ ಈ ದಿನಗಳ ವಿಷಯದಲ್ಲಿ ಯಾಕಿಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಹಿಂದಿನ ಒಂದು ಕಥೆಯಿದೆ. ಎಂಬತ್ತರ ದಶಕದಲ್ಲಿ ಒಂದು ಮನೆ. ಗೃಹಪ್ರವೇಶಕ್ಕೆ ಮುಹೂರ್ತ ನಿಗದಿಯಾಗಿತ್ತು, ಪತ್ರಿಕೆ ಹಂಚಿಯಾಗಿತ್ತು, ಆಷಾಢ ಬಂದರೆ ಮತ್ತೊಂದು ತಿಂಗಳು ಮುಂದಕ್ಕೆ ಹೋಗುತ್ತದೆ ಅನ್ನುವ ಆತುರ. ಮುಂಬಾಗಿಲ ಮೇಲಿನ ಸಜ್ಜದ ಸೆಂಟ್ರಿಂಗನ್ನು ಮನೆಯವರು ಒತ್ತಾಯ ಮಾಡಿ ನಾಲ್ಕನೇ ದಿನವೇ ಬಿಚ್ಚಿಸಿದರು. ಅಪ್ಪ ಆಗ ಮೇಸ್ತ್ರಿಯಲ್ಲ, ಮಾತು ನಡೆಯುವ ಹಾಗಿರಲಿಲ್ಲ. ಸರ್ವೆ ಗಳ ಎಳೆದ ಕೂಡಲೇ ಸಜ್ಜ ಪೂರ್ತಿ ಕಳಚಿ ಬಿತ್ತು. ಕೆಳಗಿದ್ದ ಹೆಣ್ಣಾಳಿನ ಪಾದ ಜಜ್ಜಿಹೋಯಿತು. ಕೆ.ಆರ್. ಆಸ್ಪತ್ರೆಯವರೆಗೆ ಅಪ್ಪನೇ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದದ್ದು. ಆಕೆ ಮತ್ತೆ ಬಾಂಡ್ಲಿ ಹೊರಲಿಲ್ಲ. ಗೃಹಪ್ರವೇಶ ಆದದ್ದೇನೋ ಆ ದಿನವೇ ಆಯಿತು.

ಈಗಿನ ಆತುರ ಮುಹೂರ್ತದ್ದಲ್ಲ, ಬಾಡಿಗೆಯದ್ದು. ಶೀಟು, ಜಾಕು, ಶೀಟಿನಡಿಯ ಅಡ್ಡಪಟ್ಟಿ ಸ್ಪ್ಯಾನು ಎಲ್ಲ ದಿನದ ಬಾಡಿಗೆಗೆ ಬಂದಿರುತ್ತವೆ. ಒಂದು ದಿನ ಮುಂಚೆ ಬಿಚ್ಚಿದರೆ ಒಂದು ದಿನದ ದುಡ್ಡು ಉಳಿತಾಯ, ಮೇಲಾಗಿ ಅದೇ ಶೀಟು ಮುಂದಿನ ಮಹಡಿಗೆ ಬೇಕು. ಇನ್ನೊಂದು ಕಡೆ ಕೊಳ್ಳುವವರ ಸಾಲದ ಕಂತು ಬ್ಯಾಂಕಿನಿಂದ ಬಿಡುಗಡೆಯಾಗುವುದು ಹಂತದ ಲೆಕ್ಕದಲ್ಲಿ: ಪಾಯಕ್ಕಿಷ್ಟು, ಒಂದೊಂದು ಸ್ಲ್ಯಾಬಿಗೆ ಇಷ್ಟು. ಸ್ಲ್ಯಾಬ್ ಬಿದ್ದರೆ ದುಡ್ಡು ಬರುತ್ತದೆ. ಸ್ಲ್ಯಾಬಿಗೆ ಹತ್ತು ದಿನ ನೀರು ನಿಲ್ಲಿಸಿದ್ದಕ್ಕೆ ಯಾವ ಕಂತೂ ಇಲ್ಲ. ಮೇಲೇಳುವಾಗ ಸರಸರ ಎದ್ದ ಕಟ್ಟಡ ಪ್ಲಾಸ್ಟರಿಂಗ್ ಹೊತ್ತಿಗೆ ತೆವಳುವುದು ಇದೇ ಕಾರಣಕ್ಕೆ. ಮನೆ ಕೊಳ್ಳುವವರು ಗೇಟಿನಲ್ಲಿ ನಿಂತು "ಇನ್ನೂ ಆಗ್ಲಿಲ್ವಾ" ಅನ್ನುವ ಪ್ರತಿ ಸಲವೂ ಆ ಒತ್ತಡ ಬಿಲ್ಡರಿನಿಂದ ಸೂಪರ್‌ವೈಸರಿಗೆ, ಅವನಿಂದ ಮೇಸ್ತ್ರಿಗೆ ಇಳಿದು, ಕೊನೆಗೆ ಜಾಕಿನ ಮೇಲೆ ಹೋಗಿ ಕೂರುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ನೋಂದಾಯಿಸಿದ ದೊಡ್ಡ ಯೋಜನೆಯಾದರೆ ಮುಗಿಸುವ ದಿನಾಂಕ, ಮೂರು ತಿಂಗಳಿಗೊಮ್ಮೆ ಎಷ್ಟು ಕೆಲಸವಾಯಿತು ಅನ್ನುವ ವಿವರ ಎಲ್ಲ ಜನರಿಗೆ ಸಿಗುತ್ತದೆ. 500 ಚದರ ಮೀಟರಿನೊಳಗಿನ ಜಾಗದ ಇಂಥ ಸಣ್ಣ ಕಟ್ಟಡಗಳಿಗೆ ಆ ನೋಂದಣಿ ಬೇಕಿಲ್ಲ. ನಮ್ಮ ಬಡಾವಣೆಗಳಲ್ಲಿ ಹೆಂಚಿನ ಮನೆ ಹೋಗಿ ಏಳುತ್ತಿರುವುದೆಲ್ಲ ಇಂಥವೇ. ಹಾಗಾಗಿ ಎದುರುಮನೆಯವರು ನೋಡುವುದು, ಕೇಳುವುದು ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ.

ಅಪ್ಪನ ತಾತ ಕನ್ನಂಬಾಡಿ ಕಟ್ಟೆ ಕೆಲಸಕ್ಕೆ ಹೋಗಿದ್ದವರು. 1911ರಲ್ಲಿ ಶುರುವಾದ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟಿಲ್ಲ, ಸುಣ್ಣದ ಜೊತೆ ಸುಟ್ಟ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಅದು ಗಟ್ಟಿಯಾಗುವುದು ಸಿಮೆಂಟಿಗಿಂತ ಬಹಳ ನಿಧಾನ. "ಅವ್ರು ಕಾಯ್ದ್ರು, ನಾವ್ ನೀರು ಕುಡೀತಿದ್ದೀವಿ" ಅನ್ನುತ್ತಾರೆ ಅಪ್ಪ. ಊರಿನ ಗದ್ದೆಗೆ ಇವತ್ತಿಗೂ ಆ ಕಟ್ಟೆಯ ನೀರೇ.

ಆ ನೀರೇ ನಮ್ಮ ಎದುರಿನ ಕೆಲಸದ ವೇಳಾಪಟ್ಟಿಯನ್ನೂ ತಿದ್ದುತ್ತದೆ. ಕಟ್ಟೆ ತುಂಬಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆಂದರೆ ಶ್ರೀರಂಗಪಟ್ಟಣ, ಪಾಂಡವಪುರ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹೆಣ್ಣಾಳುಗಳು ನಾಟಿಗೆ ಹೊರಟುಬಿಡುತ್ತಾರೆ. ಅವರು ಬರುವವರೆಗೆ ಇಟ್ಟಿಗೆ ಕೆಲಸ ಕುಂಟುತ್ತದೆ. ಸೆಂಟ್ರಿಂಗಿನವರು ಬಿಹಾರದವರು; ದೀಪಾವಳಿ ಆದ ಮೇಲೆ ಛಠ್ ಪೂಜೆಗೆ ಊರಿಗೆ ಹೋದರೆ ಬರಲು ವಾರಗಳಾಗುತ್ತವೆ. ಯಾದಗಿರಿಯವರಿಗೆ ಉಗಾದಿ, ಊರ ಜಾತ್ರೆ, ಚಳಿಗಾಲದಲ್ಲಿ ತೊಗರಿ ರಾಶಿ. ಆಯುಧಪೂಜೆ ದಿನ ಕಾಂಕ್ರೀಟ್ ಮಿಕ್ಸರನ್ನು ಉಜ್ಜಿ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಕರಣೆ, ಗುಂಡು, ರಸಮಟ್ಟ ಎಲ್ಲ ಸಾಲಾಗಿ ಜೋಡಿಸಿ ಬೂದುಗುಂಬಳಕಾಯಿ ಒಡೆದರು. ಅಪ್ಪ ತಮ್ಮ ಹಳೆಯ ಕರಣೆಯನ್ನೂ ಕಳಿಸಿಕೊಟ್ಟಿದ್ದರು. ಬಿಲ್ಡರ್ ಆಫೀಸಿನ ಗೋಡೆಯ ಚಾರ್ಟಿನಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ, ಹದಿನಾಲ್ಕು ತಿಂಗಳೆಂದರೆ ಹದಿನಾಲ್ಕು ತಿಂಗಳು. ಜನ ಊರಿಗೆ ಹೋಗುವುದನ್ನು 'ತಡ' ಅಂತ ಬರೆಯುವ ಚಾರ್ಟ್ ಮೊದಲೇ ತಪ್ಪು. ಅವರ ಹೊಲ, ಅವರ ಹಬ್ಬ ವರ್ಷವೂ ಅದೇ ತಿಂಗಳಿಗೆ ಬರುತ್ತವೆ. ಮೊದಲೇ ಲೆಕ್ಕಕ್ಕೆ ಹಿಡಿಯಬಹುದು.

ಸದ್ದಿನ ವಿಷಯ ಹೇಳುತ್ತೇನೆ. ಪಾಯದಲ್ಲಿ ಒಂದು ಮೂಲೆಗೆ ಬಂಡೆ ಸಿಕ್ಕಿತ್ತು. ಬ್ರೇಕರ್ ತಂದು ರಾತ್ರಿ ಹನ್ನೊಂದಾದರೂ ನಿಲ್ಲಿಸಲಿಲ್ಲ. ಪಕ್ಕದ ಮನೆಯಲ್ಲಿ ಆಪರೇಷನ್ ಆಗಿ ಬಂದವರಿದ್ದರು, ನನ್ನ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಅದನ್ನು ಬರೆದು, ರಸ್ತೆಯವರ ಸಹಿ ಹಾಕಿಸಿ ಬಿಲ್ಡರಿಗೆ ಕೊಟ್ಟೆವು. ಮೊದಲ ಪತ್ರಕ್ಕೆ ಉತ್ತರವಿಲ್ಲ. ಇನ್ನೊಂದು ಕೊಟ್ಟು ನಾಲ್ಕು ಜನ ಹೋಗಿ ಕೂತ ಮೇಲೆ ಮಾತಾಯಿತು. ಕೆಲಸ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರು. ಪರೀಕ್ಷೆ ಮುಗಿಯುವವರೆಗೆ ಸಂಜೆ ನಾಲ್ಕರ ಮೇಲೆ ಕಟಿಂಗ್, ಡ್ರಿಲ್ಲಿಂಗ್ ಇಲ್ಲ. ಮೋಲ್ಡ್ ದಿನ ಮಾತ್ರ ಎಷ್ಟು ಹೊತ್ತಾದರೂ ಸರಿ, ಹಿಂದಿನ ದಿನ ತಿಳಿಸಬೇಕು. ಇದನ್ನು ಬೋರ್ಡಿನಲ್ಲಿ ಬರೆಸಿ ಗೇಟಿಗೆ ಹಾಕಿಸಿದೆವು. ಆಮೇಲೆ ಜಗಳವೇ ಇಲ್ಲ. ಕೆಲಸ ಮಾಡುವವರಿಗೂ ಇದರಿಂದ ಒಳ್ಳೆಯದಾಯಿತು. ಆರು ಗಂಟೆಗೆ ಕೈಕಾಲು ತೊಳೆದುಕೊಂಡು ಹೊರಡುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಅವರೇ ಕೇಳಿಕೊಂಡು ನಡು ಮಧ್ಯಾಹ್ನ ಬಿಡುವು ತೆಗೆದುಕೊಂಡರು.

ಇನ್ನೊಂದು ಲೆಕ್ಕ ಸರಿಯಾಗಬೇಕಿದೆ. ವಾಚ್‌ಮನ್ ಹೆಂಡತಿಗೆ ಲೇಬರ್ ಕಾರ್ಡ್ ಇಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಟ್ಟಡದ ಖರ್ಚಿನ ಶೇ 1ರಷ್ಟು ಸೆಸ್ ವಸೂಲಾಗುವುದೇ ಇಂಥವರಿಗಾಗಿ. ತೊಂಬತ್ತಕ್ಕೆ ಎಷ್ಟೋ ಪಾಲು ಹೆಚ್ಚು ದುಡಿದಿದ್ದಾಳೆ, ಆದರೆ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವವಳ ದಿನಗಳನ್ನು ಯಾರೂ ಬರೆದಿಟ್ಟಿಲ್ಲ. ಅಪ್ಪನ ಹತ್ತಿರ ಹಳೆಯ ಆಳಿನ ಪುಸ್ತಕಗಳಿವೆ, ಉದ್ದನೆಯ ಲೆಡ್ಜರ್. ಇಡೀ ದಿನಕ್ಕೆ ಒಂದು ಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ, ಶನಿವಾರ ಬಟವಾಡೆ ಆದ ಮೇಲೆ ಹೆಬ್ಬೆಟ್ಟು. ಅದನ್ನು ತೋರಿಸಿ ಅಪ್ಪನೇ ಸೂಪರ್‌ವೈಸರಿಗೆ ಹೇಳಿದರು, "ಇಂಥದ್ದೊಂದು ಇಡು ಮಗಾ, ಆ ಹೆಣ್ಮಗ್ಳ ಹೆಸ್ರು ಮೊದ್ಲು ಬರಿ." ಬರೆಯುತ್ತಿದ್ದಾನೆ. ನಾನು ಅರ್ಜಿ ತುಂಬಿಸಿಟ್ಟಿದ್ದೇನೆ. ಕೆಲಸದ ಪ್ರಮಾಣಪತ್ರಕ್ಕೆ ಸಹಿ ಬೀಳಬೇಕು.

ತಾರಸಿ ಮೋಲ್ಡ್ ದೀಪಾವಳಿಗೆ ಮುಂಚೆ ಬಿತ್ತು. ಅದು ಬಿದ್ದ ಮೇಲೆ ಸೆಂಟ್ರಿಂಗಿನವರು ಛಠ್‌ಗೆ ಹೋದದ್ದು ಒಂದು ರೀತಿ ಒಳ್ಳೆಯದೇ ಆಯಿತು, ಜಾಕು ಮುಟ್ಟುವವರೇ ಇಲ್ಲದೆ ದಿನ ತಾನಾಗಿ ತುಂಬಿತು. ಪ್ರತಿ ಪಿಲ್ಲರಿನ ಮೇಲೂ ಕಾಂಕ್ರೀಟ್ ಹಾಕಿದ ತಾರೀಖನ್ನು ಕೆಂಪು ಪೇಂಟಿನಲ್ಲಿ ಬರೆದಿದ್ದಾರೆ. ಮೂರನೇ ಮಹಡಿಯ ಆ ಗಂಡ ಹೆಂಡತಿ ಹೋದ ಭಾನುವಾರ ಬಂದಾಗ, "ಯಾವಾಗ ಮುಗಿಯುತ್ತೆ ಅಂತ ಕೇಳಬೇಡಿ, ಈ ತಾರೀಖಿನ ಕ್ಯೂಬ್ ರಿಪೋರ್ಟ್ ಕೊಡಿ ಅಂತ ಕೇಳಿ" ಅಂದೆ. ಕೇಳಿದರು. ಏಳು ದಿನದ್ದು 17.8 ನ್ಯೂಟನ್ ಬಂದಿದೆ, 28 ದಿನದ್ದು 25 ದಾಟಬೇಕು, ಬುಧವಾರ ಸಿಗುತ್ತದಂತೆ. ಸಂಕ್ರಾಂತಿಗೆ ಹಾಲುಕ್ಕಿಸಬೇಕು ಅಂತಿದ್ದವರು ಈಗಿರುವ ಬಾಡಿಗೆ ಮನೆಯ ಕರಾರನ್ನು ಉಗಾದಿ ದಾಟುವವರೆಗೆ ಮುಂದುವರಿಸಿದ್ದಾರೆ. ಪ್ಲಾಸ್ಟರಿಂಗ್ ಶುರುವಾಗುವ ಹೊತ್ತಿಗೇ ಯಾದಗಿರಿಯವರಿಗೆ ತೊಗರಿ ರಾಶಿ. "ಹೋಗಿ ಲಗೂನ ಬರ್ತೀವ್ರಿ ಅಕ್ಕಾರ" ಅಂದಿದ್ದಾಳೆ ವಾಚ್‌ಮನ್ ಹೆಂಡತಿ. ಗೋಡೆಗೂ ವಾರವಿಡೀ ನೀರು ಹೊಡೆಯಬೇಕು, ಆಗ ಯಾರು ಹೊಡೆಯುತ್ತಾರೆ ಅಂತ ಸೂಪರ್‌ವೈಸರನ್ನು ಇವತ್ತೇ ಕೇಳಬೇಕು.